ಹುಲ್ಲುಹಾಸು ಕಾಡಲ್ಲ

ಗಾಲ್ಫ್ ಮೈದಾನವನ್ನು ಸಮರ್ಥಿಸುವವರು ಮೊದಲು ತೋರಿಸುವುದು ಅಲ್ಲಿನ ಮರಗಳನ್ನು. ಬಡಾವಣೆಯ ಜನರಿಗೆ ಶುದ್ಧ ಗಾಳಿ, ಹಕ್ಕಿಗಳಿಗೆ ಆಸರೆ, ಶುಲ್ಕ ತೆತ್ತ ಯಾರಿಗಾದರೂ ಆಟ. ಆದ್ದರಿಂದ ಅದು ಸಾರ್ವಜನಿಕ ಹಸಿರು ಎಂಬುದು ಅವರ ವಾದ. ಮರಗಳಿರುವುದು ನಿಜ. ಆದರೆ ಅಲ್ಲಿನ ಮುಖ್ಯ ಬೆಳೆ ಚೆಂಡು ಉರುಳಲೆಂದು ಬೆಳೆಸಿದ ಹುಲ್ಲು. ಆ ಹುಲ್ಲನ್ನು ದನ ಮೇಯುವಂತಿಲ್ಲ, ಕುರಿ ಮುಟ್ಟುವಂತಿಲ್ಲ.

ಬೆಂಗಳೂರಿನ ಚಲ್ಲಘಟ್ಟವನ್ನು ನೋಡಿ. ಕೆರೆಯಿದ್ದ ಆ ಅಂಗಳದಲ್ಲಿ ಇಂದು ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನವಿದೆ. ಕೆರೆಯ ಹೆಸರು ಕೋರಮಂಗಲ–ಚಲ್ಲಘಟ್ಟ ಕಣಿವೆಗಷ್ಟೇ ಅಂಟಿಕೊಂಡು ಉಳಿದಿದೆ. 2018ರಿಂದ ಅದೇ ಕಣಿವೆಯ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಹರಿಸಲಾಗುತ್ತಿದೆ. ರಾಜಧಾನಿ ತನ್ನ ಕೆರೆಗೆ ಹುಲ್ಲು ಹೊದಿಸಿತು. ಬಯಲುಸೀಮೆಯ ಕೆರೆಗೆ ತಾನು ಬಳಸಿ ಬಿಟ್ಟ ನೀರನ್ನು ಕಳುಹಿಸಿತು!

ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲಿನವರಿಗೆ ಈ ಮಾತು ಏಕೆ? ಪ್ರವಾಸೋದ್ಯಮದ ಕಣ್ಣಿಗೆ ನಮ್ಮ ಮರಳುಗಲ್ಲಿನ ಬೆಟ್ಟಗಳ ಸೆರಗಿನ ಕುರುಚಲು ಕಾಡು ಬರಡಾಗಿಯೇ ಕಾಣುತ್ತದೆ. ಬರಡು ಎಂದ ಮೇಲೆ ಅದನ್ನು ಹಸಿರು ಮಾಡುತ್ತೇವೆಂದು ಬರುವವರು ಇದ್ದೇ ಇರುತ್ತಾರೆ. ಅವರ ಮುಂದೆ ಇಡಬೇಕಾದ ಲೆಕ್ಕ ಸರಳವಾಗಿದೆ. ಒಂದು ಎಕರೆ ಹುಲ್ಲಿಗೆ ದಿನಕ್ಕೆ 5 ಮಿ.ಮೀ. ನೀರುಣಿಸಲು ಸುಮಾರು 20 ಸಾವಿರ ಲೀಟರ್ ಬೇಕು. 60 ಎಕರೆಗೆ 12 ಲಕ್ಷ ಲೀಟರ್! ನಮ್ಮ ಬೇಸಿಗೆಗೆ ಅಷ್ಟೂ ಸಾಲದು. ಜಲಜೀವನ ಮಿಷನ್ ಹಳ್ಳಿಗರಿಗೆ ನಿಗದಿಪಡಿಸಿದ್ದು ದಿನಕ್ಕೆ ತಲಾ 55 ಲೀಟರ್; ಅಂದರೆ ಆ ಹುಲ್ಲು ಕುಡಿಯುವುದು ಸುಮಾರು 22 ಸಾವಿರ ಜನರ ಪಾಲಿನ ನೀರು. ಸಂಸ್ಕರಿಸಿದ ನೀರನ್ನೇ ಬಳಸುತ್ತೇವೆ ಎನ್ನುವವರು ಆ ನೀರನ್ನು ಹೊಲಕ್ಕೇಕೆ ಬಿಡಬಾರದೆಂದು ಮೊದಲು ಹೇಳಲಿ.

ಕುರುಚಲು ಕಾಡು ಯಾರ ಕೈಯಿಂದಲೂ ನೀರು ಕೇಳಿದ್ದಲ್ಲ. ಜಾಲಿ, ಕಾರೆ, ಬಂದರಿಕೆಗಳ ನಡುವೆ ಕುರಿ ಮೇಯುತ್ತವೆ, ತೋಳ ಸುಳಿಯುತ್ತದೆ. ಇದೇ ಜಿಲ್ಲೆಯ ಯಡಹಳ್ಳಿಯಲ್ಲಿ ಅಂಥ ನೆಲವನ್ನೇ 2016ರಲ್ಲಿ ಚಿಂಕಾರ ವನ್ಯಧಾಮವೆಂದು ಸರ್ಕಾರ ಘೋಷಿಸಿತು. ಒಂದು ಇಲಾಖೆಗೆ ವನ್ಯಧಾಮವಾಗುವ ನೆಲ ಮತ್ತೊಂದು ಇಲಾಖೆಯ ಕಾಗದದಲ್ಲಿ ಖರಾಬು ಆಗುವುದು ಹೇಗೆ?

ಮರ ತೋರಿಸಿ ಸಾಮೂಹಿಕ ಭೂಮಿಯನ್ನು ಪಡೆಯುವ ಜಾಣ್ಮೆಯನ್ನು ನಮ್ಮ ಸೀಮೆ ಹಿಂದೆಯೇ ಕಂಡಿದೆ. ಕರ್ನಾಟಕ ಪಲ್ಪ್‌ವುಡ್ ಕಂಪನಿಗಾಗಿ ಹಳ್ಳಿಗಳ ಸಾಮೂಹಿಕ ನೆಲದಲ್ಲಿ ನೀಲಗಿರಿ ನೆಟ್ಟಾಗಲೂ ಅದನ್ನು ಅರಣ್ಯ ಬೆಳೆಸುವುದೆಂದೇ ಕರೆದರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನರು ಆ ಸಸಿಗಳನ್ನು ಕಿತ್ತು, ತಮಗೆ ಉಪಯುಕ್ತವಾದ ಗಿಡಗಳನ್ನು ನೆಟ್ಟರು. ಆ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆದದ್ದು ಸಸಿಗಳು ನೆಲಕ್ಕೆ ಬಿದ್ದ ಮೇಲೆ. ನಾವು ಅಷ್ಟು ತಡಮಾಡಬೇಕಿಲ್ಲ. ವಿದ್ಯಾರ್ಥಿಗಳು ಈ ರಜೆಯಲ್ಲಿ ತಮ್ಮ ಊರಿನ ಗಾಯರಾಣದ ಉತಾರಗಳನ್ನು ತೆಗೆಸಲಿ. ಯಾವ ಸರ್ವೆ ನಂಬರಿನಲ್ಲಿ ಯಾರ ದನ, ಯಾರ ಕುರಿ ಮೇಯುತ್ತವೆ ಎಂಬುದನ್ನು ಹಿರಿಯರಿಂದ ಕೇಳಿ ಬರೆದು, ಮುಂದಿನ ಗ್ರಾಮಸಭೆಯ ನಡಾವಳಿಯಲ್ಲಿ ದಾಖಲಿಸಲಿ.