ಹೊಗೆಯಲ್ಲ, ಆವಿಯಂತೆ!

“ಸಿಗರೇಟಿಗಿಂತ ಇದು ಎಷ್ಟೋ ವಾಸಿ” ಎಂಬ ಮಾತು ಈಗ ನಮ್ಮ ಮನೆಗಳ ಪಡಸಾಲೆಯವರೆಗೂ ಬಂದಿದೆ. ದೂರದ ಊರಿನ ಕಾಲೇಜಿಗೆ ಹೋದ ಮಗನ ಚೀಲದಲ್ಲಿ ಪೆನ್ನಿನಾಕಾರದ ಇ-ಸಿಗರೇಟು ಸಿಕ್ಕಾಗ ಅವನು ಹೇಳುವುದು ಇದನ್ನೇ. ವಿಷಾದವೆಂದರೆ, ತಂದೆತಾಯಿಗಳು ಅರ್ಧ ಒಪ್ಪಿಯೂ ಬಿಡುತ್ತಾರೆ.

ಈ ವಾದದಲ್ಲಿ ಸತ್ಯಾಂಶವೇ ಇಲ್ಲವೆಂದಲ್ಲ. ಬೀಡಿ ಸಿಗರೇಟುಗಳಲ್ಲಿ ತಂಬಾಕು ಉರಿಯುತ್ತದೆ. ಸಿಗರೇಟಿನ ಹೊಗೆಯಲ್ಲಿರುವ 7,000ಕ್ಕೂ ಮಿಕ್ಕ ರಾಸಾಯನಿಕಗಳಲ್ಲಿ ಸುಮಾರು 70 ಕ್ಯಾನ್ಸರಿಗೆ ಕಾರಣವಾಗಬಲ್ಲವು. ಇ-ಸಿಗರೇಟಿನಲ್ಲಿ ಉರಿಯಿಲ್ಲ, ನಿಕೋಟಿನ್ ಬೆರೆತ ದ್ರವ ಬ್ಯಾಟರಿಯ ಶಾಖದಿಂದ ಆವಿಯಾಗುತ್ತದೆ. ಇದು ಸಿಗರೇಟಿಗಿಂತ ಶೇ. 95ರಷ್ಟು ಕಡಿಮೆ ಹಾನಿಕರವೆಂದು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿತು. ಆದರೆ ಆ ಮಾತು ಯಾರನ್ನು ಕುರಿತದ್ದು? ಸಿಗರೇಟು ಬಿಡಲಾರದೆ ಒದ್ದಾಡುತ್ತಿರುವವನನ್ನು.

ನಮ್ಮ ಸುರಪುರ ಸೀಮೆಯಲ್ಲಿ ಅಂಥವನೆಂದರೆ ಬೋನಾಳದ ಕೆರೆ ಏರಿಯ ಮೇಲೆ ಕುಳಿತು ಬೀಡಿ ಸೇದುವ ಮುದುಕ. ಈ ದುಬಾರಿ ಸಾಧನ ಅವನ ಕೈಗೆ ಬರುವುದಿಲ್ಲ. 2016-17ರ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದ ವಯಸ್ಕರಲ್ಲಿ ಧೂಮಪಾನಿಗಳು ಶೇ. 10.7, ಹೊಗೆರಹಿತ ತಂಬಾಕು ಬಳಸುವವರು ಅದರ ಇಮ್ಮಡಿ, ಶೇ. 21.4. ಸೇದುವವರಲ್ಲೂ ಸಿಗರೇಟಿಗಿಂತ ಬೀಡಿಯವರೇ ಹೆಚ್ಚು. ಮಾವು, ಪುದೀನದ ರುಚಿಗಳನ್ನು ಕೂಡಿಸಿದ್ದು ಇವರಿಗಾಗಿಯೇ? ಸರಕು ಯಾವ ಗಿರಾಕಿಗೆಂಬುದನ್ನು ವ್ಯಾಪಾರ ಬಲ್ಲ ನಮ್ಮವರಿಗೆ ಬಿಡಿಸಿ ಹೇಳಬೇಕಿಲ್ಲ.

ಮೂರು ತಲೆಮಾರಿನಿಂದ ಯಾರೂ ಬೀಡಿ ಮುಟ್ಟದ ಮನೆಯ ಹುಡುಗನ ವಿಷಯದಲ್ಲಿ ಸಿಗರೇಟಿನೊಡನೆ ಹೋಲಿಕೆಯೇ ಮೋಸ. ಅವನು ಬಿಟ್ಟುಕೊಡುತ್ತಿರುವುದು ಸಿಗರೇಟನ್ನಲ್ಲ, ಶುದ್ಧವಾದ ಉಸಿರನ್ನು. ನಿಕೋಟಿನ್ ನಾಡಿಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ಇಪ್ಪತ್ತೈದರ ಪ್ರಾಯದವರೆಗೂ ಬೆಳೆಯುತ್ತಿರುವ ಮಿದುಳನ್ನು ಚಟಕ್ಕೆ ಒಗ್ಗಿಸುತ್ತದೆ. ಆವಿಯಲ್ಲಿ ಫಾರ್ಮಾಲ್ಡಿಹೈಡ್, ನಿಕ್ಕಲ್, ಸೀಸಗಳು ಕಂಡುಬಂದಿವೆ. ಅಮೆರಿಕದಲ್ಲಿ 2020ರ ಫೆಬ್ರವರಿಯೊಳಗೆ 2,807 ಮಂದಿ ಇದರಿಂದ ತೀವ್ರ ಶ್ವಾಸಕೋಶ ಬಾಧೆಗೊಳಗಾದರು. 68 ಮಂದಿ ಮೃತರಾದರು. ಹೆಚ್ಚಿನವರಿಗೆ ಮುಳುವಾದದ್ದು ಗಾಂಜಾಸತ್ವದ ದ್ರವಕ್ಕೆ ಬೆರೆಸಿದ ವಿಟಮಿನ್ ಇ ಅಸಿಟೇಟ್ ಎಂಬುದು ನಿಜ. ಕಳ್ಳಸರಕಿನಲ್ಲಿ ಏನು ಬೆರೆತಿದೆಯೆಂದು ಸೇದುವವನಿಗೆ ತಿಳಿಯದೆಂಬುದೂ ಅಷ್ಟೇ ನಿಜ. ನಮ್ಮಲ್ಲಿ ಮಾರಾಟವಾಗುವುದೆಲ್ಲವೂ ಕಳ್ಳಸರಕೇ. ಕರ್ನಾಟಕ 2016ರಲ್ಲಿ, ಕೇಂದ್ರ ಸರಕಾರ 2019ರಲ್ಲಿ ಇದನ್ನು ನಿಷೇಧಿಸಿವೆ.

ಸಪ್ತವ್ಯಸನಗಳಲ್ಲಿ ತಂಬಾಕಿನ ಹೆಸರಿಲ್ಲವಲ್ಲ ಎಂದು ತರ್ಕಿಸುವ ಜಾಣರೂ ಇದ್ದಾರೆ. ಪೋರ್ಚುಗೀಸರು ತಂದ ಎಲೆಯನ್ನು ಅದಕ್ಕೂ ಮುಂಚಿನ ಆಚಾರ್ಯರು ಹೆಸರಿಸುವುದಾದರೂ ಹೇಗೆ? ಪ್ರಯೋಜನವಿಲ್ಲದ ಹಾನಿಗೆ ಅನರ್ಥದಂಡವೆಂಬ ಹೆಸರನ್ನು ಮಾತ್ರ ಅವರು ಕೊಟ್ಟೇ ಹೋಗಿದ್ದಾರೆ.

ಟ್ರಸ್ಟಿನ ಹಿರಿಯರಲ್ಲಿ ಒಂದು ವಿಜ್ಞಾಪನೆ. ಬಸದಿಗೆ ಸೇರಿದ ಮಳಿಗೆಗಳನ್ನು ಬಾಡಿಗೆಗೆ ಕೊಟ್ಟ ಮೇಲೆ ಒಳಗೆ ಏನು ಮಾರುತ್ತಾರೆಂಬುದು ನಮಗೆ ಸಂಬಂಧಿಸಿದ್ದಲ್ಲವೆಂಬ ಧೋರಣೆ ಬೇಡ. ಕೃತ, ಕಾರಿತ, ಅನುಮೋದಿತಗಳನ್ನು ಬಲ್ಲವರು ನೀವು. 2019ರ ಕಾಯಿದೆಯೂ ತಿಳಿದೂ ತಿಳಿದು ತನ್ನ ಜಾಗದಲ್ಲಿ ಈ ಸರಕಿನ ದಾಸ್ತಾನಿಗೆ ಅವಕಾಶ ಕೊಟ್ಟ ಮಾಲೀಕನಿಗೆ ಆರು ತಿಂಗಳವರೆಗಿನ ಸೆರೆ, 50,000 ರೂಪಾಯಿವರೆಗಿನ ದಂಡ, ಇಲ್ಲವೆ ಎರಡನ್ನೂ ವಿಧಿಸುತ್ತದೆ. ಮುಂದಿನ ಬಾಡಿಗೆ ಕರಾರಿನಲ್ಲಿ ಬೀಡಿ, ಗುಟಕಾ, ಇ-ಸಿಗರೇಟು ಮೂರನ್ನೂ ಹೆಸರಿಸಿ ನಿಷೇಧದ ಷರತ್ತನ್ನು ಸೇರಿಸಿರಿ. ಬಾಡಿಗೆ ಕಡಿಮೆಯಾದರೆ ಆಗಲಿ.