ಡ್ಯಾನ್ಸ್‌ಗೆ ಯಾವ ಕಾಲೇಜು? (ಭಾಗ 4)

ಕಾಪುವಿನಿಂದ ಒಬ್ಳು ಮೆಸೇಜ್ ಹಾಕಿದ್ಳು: "ಅಕ್ಕ, ಪಿಯುಸಿ ಮುಗೀತು. ನಂಗೆ ವಾಲ್ಟ್ಸ್, ಟ್ಯಾಂಗೊ ಕಲೀಬೇಕು. ಬಾಲ್‌ರೂಂ ಡ್ಯಾನ್ಸ್‌ಗೆ ಯಾವ ಕಾಲೇಜು ಒಳ್ಳೇದು? ಮನೇಲಿ ಬಿಕಾಂ ಸೇರು ಅಂತಾರೆ."

ಬಿಕಾಂ ಸೇರು. ಡ್ಯಾನ್ಸನ್ನೂ ಬಿಡ್ಬೇಡ. ಬೈಯುವ ಮೊದ್ಲು ಪೂರ್ತಿ ಓದಿ ಮಾರಾಯ್ರೆ.

ಬಾಲ್‌ರೂಂ ಬೆಳೆದದ್ದೇ ಕಾಲೇಜಿನ ಹೊರಗೆ, ಸ್ಟುಡಿಯೋ ಮತ್ತು ಸ್ಪರ್ಧೆಗಳಲ್ಲಿ. ಇವತ್ತಿಗೂ ಹೆಸರಿರುವ ಪರೀಕ್ಷೆ ನಡೆಸುವ ಐಎಸ್‌ಟಿಡಿ, 1904ರಲ್ಲಿ ಲಂಡನ್ನಿನ ನೃತ್ಯ ಶಿಕ್ಷಕರು ಕಟ್ಟಿಕೊಂಡ ಸಂಘ. ಬ್ಲ್ಯಾಕ್‌ಪೂಲ್ ಸ್ಪರ್ಧೆ ಶುರುವಾದದ್ದು 1920ರಲ್ಲಿ. ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಂತೆ ಬಾಲ್‌ರೂಂ ತಂಡಗಳನ್ನೇ ಬೆಳೆಸಿದ ಕಡೆಗಳು ಕಡಿಮೆ. ನಮ್ಮಲ್ಲಿ ಪದವಿಗೆ ನೃತ್ಯ ಅಂದ್ರೆ ಹೆಚ್ಚಾಗಿ ಭರತನಾಟ್ಯ.

ಹಾಗಾಗಿ ಬ್ರೋಶರಿನಲ್ಲಿ "ವೆಸ್ಟರ್ನ್ ಡ್ಯಾನ್ಸ್ ಉಂಟು" ಅಂತ ಇದ್ರೆ ಹುಷಾರು. ನಾನೂ ಅದನ್ನೇ ನಂಬಿ ಒಂದು ಕಾಲೇಜಿಗೆ ಸೇರಿದವಳು. ಹಾಲ್ ಪರೀಕ್ಷೆಗೆ ಬೇಕು ಅಂತ ನಮ್ಮನ್ನು ಓಡಿಸಿದ್ರು. ಪಾರ್ಕಿಂಗಿನ ಸಿಮೆಂಟ್ ನೆಲ, ಗುರು ಯೂಟ್ಯೂಬು, ಫೆಸ್ಟ್ ಮುಗಿದ ಮರುದಿನ ಟೀಮೂ ಮುಗೀತು. ಮೊಣಕಾಲು ನೋವು ಮಾತ್ರ ಉಳಿದದ್ದು. ಪಾದ ಜಾರಿಸಿ ತಿರುಗುವ ಡ್ಯಾನ್ಸಿಗೆ ಮರದ ನೆಲ ಬೇಕು. ಒರಟು ನೆಲದಲ್ಲಿ ಪಾದ ಕಚ್ಚಿಕೊಂಡರೆ ಮೊಣಕಾಲು ತಿರುಚುತ್ತದೆ.

ಕಲಿಸುವ ಜಾಗ ಹೇಗಿರಬೇಕು ಅಂತ ನೋಡ್ಲಿಕ್ಕೆ ದೂರ ಹೋಗುವುದೇ ಬೇಡ. ಉಡುಪಿ–ಮಣಿಪಾಲ ಬಸ್ಸಲ್ಲಿ ದಿನಾ ದಾಟಿ ಹೋಗುವ ಇಂದ್ರಾಳಿಯಲ್ಲಿ ಯಕ್ಷಗಾನ ಕೇಂದ್ರ ಉಂಟಲ್ಲ? 1971ರಲ್ಲಿ ಎಂಜಿಎಂ ಕಾಲೇಜಿನ ಆಶ್ರಯದಲ್ಲಿ ಶುರುವಾದದ್ದು, ಶಿವರಾಮ ಕಾರಂತರು ಪ್ರಯೋಗ ಮಾಡಿದ ಜಾಗ. ಮಕ್ಕಳು ಅಲ್ಲೇ ಉಳಿದು ಕಲೀತಾರೆ, ಹೆಜ್ಜೆಯೇ ಪಾಠ. ಗುರು ಬನ್ನಂಜೆ ಸಂಜೀವ ಸುವರ್ಣರು ಶಾಲೆ ಓದಿದ್ದು ಸ್ವಲ್ಪವೇ, ಆದ್ರೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ವಿದ್ಯಾರ್ಥಿಗಳೂ ಅವರಿಂದ ಕಲಿತಿದ್ದಾರೆ. ಬಾಲ್‌ರೂಂಗೂ ನಾನು ಕೇಳುವುದು ಅದನ್ನೇ: ಕಲಿಸುವವರು ಯಾರು, ವಾರಕ್ಕೆ ಎಷ್ಟು ಗಂಟೆ ನೆಲದ ಮೇಲೆ? ಕ್ಯಾಂಪಸ್ಸಿನ ಡ್ರೋನ್ ವಿಡಿಯೋ ಆಮೇಲೆ ನೋಡುವ.

ಇನ್ನೊಂದು ವಿಷಯ, ಇದನ್ನು ಯಾರೂ ಕಮೆಂಟಲ್ಲಿ ಕೇಳುವುದಿಲ್ಲ, ಎಲ್ಲರೂ ಇನ್‌ಬಾಕ್ಸಿಗೇ ಬರ್ತೀರಿ. ಕಾರ್ಕಳದ ಗೆಳತಿ ಮನೇಲಿ ವಿಷಯ ತೆಗೆದ ಕೂಡ್ಲೇ ಅಜ್ಜಿ ಕೇಳಿದ್ದು ಫೀಸಲ್ಲ, "ಯಾರ ಕೈ ಹಿಡ್ಕೊಂಡು ಕುಣಿಯುವುದು?" ಅಂತ. ಅವಳು ಅಲ್ಲಿಗೇ ಬಿಟ್ಳು. ಬಿಡ್ಬೇಕಾಗಿರಲಿಲ್ಲ. ಒಬ್ಬರು ನಡೆಸುವುದು, ಒಬ್ಬರು ಹಿಂಬಾಲಿಸುವುದು: ಎರಡೂ ಹೆಜ್ಜೆಗಳನ್ನು ಇಬ್ಬರು ಹುಡುಗಿಯರೇ ಅದಲು ಬದಲಾಗಿ ಕಲೀಬಹುದು. ಗಂಡಸರು ಸೀರೆ ಉಟ್ಟು ಸ್ತ್ರೀವೇಷ ಮಾಡುವುದನ್ನು ರಾತ್ರಿಯಿಡೀ ಕೂತು ನೋಡಿದ ಅಜ್ಜಿಗೆ ಇದು ಅರ್ಥ ಆಗ್ಲಿಕ್ಕಿಲ್ವಾ?

ಕಾಪುವಿನ ತಂಗಿಗೆ: ಈ ರಜೆಯಲ್ಲಿ ಬೆಂಗಳೂರಲ್ಲಿ ನೆಂಟರ ಮನೆ ಇದ್ರೆ ಒಂದು ತಿಂಗಳು ಹೋಗು. ಬಾಲ್‌ರೂಂ, ಲ್ಯಾಟಿನ್ ಕಲಿಸುವ ಸ್ಟುಡಿಯೋ ಹುಡುಕಿ ಮೊದಲ ಕ್ಲಾಸಿಗೆ ಅಮ್ಮನನ್ನೂ ಕರ್ಕೊಂಡು ಹೋಗು, ಮೂಲೇಲಿ ಕೂತು ನೋಡ್ಲಿ. ತಿಂಗಳು ಕಳೆದ ಮೇಲೂ ಬೆಳಿಗ್ಗೆ ಎದ್ದು ಹೋಗುವ ಆಸೆ ಇದ್ರೆ ನಂಗೆ ಮೆಸೇಜ್ ಹಾಕು. ಬಿಕಾಂ ಜೊತೆ ಟೈಮ್ ಹೇಗೆ ಹೊಂದಿಸುವುದು ಅಂತ ಭಾಗ 5ರಲ್ಲಿ ಬರೀತೇನೆ.