ಹತ್ತಕ್ಕೆ ದುಡ್ಡು, ಎಂಟಕ್ಕೆ ಲೆಕ್ಕ

ಶಂಕರಪುರಂನ ರಂಗರಾವ್ ರಸ್ತೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಮಗ ಇಂಜಿನಿಯರಿಂಗ್ ಮೊದಲ ವರ್ಷ. ಅಪ್ಪನಿಗೆ ನಿವೃತ್ತಿಗೆ ಮೂರು ವರ್ಷ ಬಾಕಿ. ಮಗನ ಓದಿಗೆಂದು ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸಿದ ಕಂಪ್ಯೂಟರು ಹಾಲಿನ ಮೂಲೆಗೆ ಬಂದು ಕೂತಿದೆ. ಬಿಲ್ಲಿನಲ್ಲಿ 'ಇಂಟೆಲ್ ಕೋರ್ ಐ5-13400' ಎಂದಿದೆ. "ಹತ್ತು ಕೋರು ಸಾರ್, ಓದು ಮುಗಿಯೋವರ್ಗೂ ಯೋಚನೆ ಮಾಡ್ಬೇಡಿ" ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದಾರೆ. ಮಗ ಪರದೆಯ ಅಂಚಿನಲ್ಲಿ ಗಣಕದ ನಾಡಿ ಹಿಡಿದು ತೋರಿಸುವ ಪುಟ್ಟ ತಂತ್ರಾಂಶವೊಂದನ್ನು ಹಾಕಿಕೊಂಡ. ಅದರಲ್ಲಿ ಮೂಡಿದ್ದು: ಕೋರ್ 8.

"ಹತ್ತಕ್ಕೆ ದುಡ್ಡು ತಗೊಂಡು ಎಂಟು ಕೊಟ್ಟಿದಾನೇನೋ?" ಅಪ್ಪ ಬಿಲ್ಲು ಹುಡುಕತೊಡಗಿದರು.

"ತಡೀಪ್ಪಾ, ಇನ್ನೊಂದರಲ್ಲಿ ನೋಡ್ತೀನಿ." ಮಗ ಬೇರೊಂದು ತಂತ್ರಾಂಶ ತೆರೆದ. ಅದು ಹದಿನಾರು ಗೆರೆಗಳನ್ನು ಎಳೆದು, ಒಂದೊಂದಕ್ಕೂ ನಂಬರು ಹಾಕಿ ಕುಣಿಸಿತು.

"ಎಂಟೂ ಅಲ್ಲ, ಹದಿನಾರು! ಹಾಗಾದ್ರೆ ಹತ್ತು ಅಂತ ಹೇಳಿದ್ದು ಯಾತಕ್ಕೆ?"

ಅಪ್ಪನಿಗೆ ಅನುಮಾನ ಬಂದದ್ದರಲ್ಲಿ ತಪ್ಪಿಲ್ಲ. ಕೂಡಿಟ್ಟ ಹಣ ಹೋಗಿದೆ, ಯಂತ್ರದ ಹೊಟ್ಟೆ ಬಗೆದು ನೋಡುವಂತಿಲ್ಲ, ಪರದೆ ಹೇಳಿದ್ದನ್ನೇ ನಂಬಬೇಕು. ಆದರೆ ಇಲ್ಲಿ ಅಂಗಡಿಯವರು ಸತ್ಯವನ್ನೇ ಹೇಳಿದ್ದಾರೆ. ಪರದೆಯದ್ದೇ ಲೆಕ್ಕ ತಪ್ಪಿದೆ.

ಮದುವೆಯ ಹಿಂದಿನ ರಾತ್ರಿ ಛತ್ರದ ಅಡುಗೆಮನೆಯೊಳಗೆ ಇಣುಕಿದವರಿಗೆ ಈ ತಪ್ಪು ಸುಲಭವಾಗಿ ತಿಳಿಯುತ್ತದೆ. ನುರಿತ ಭಟ್ಟರು ಒಂದೇ ಒಲೆಯ ಮುಂದೆ ಕೈಕಟ್ಟಿ ನಿಲ್ಲುವುದಿಲ್ಲ. ಒಂದರಲ್ಲಿ ಬೇಳೆ ಬೇಯುವಷ್ಟರಲ್ಲಿ ಪಕ್ಕದ ಒಲೆಯ ಪಾಕ ತಿರುವಿ ಬರುತ್ತಾರೆ. ಒಲೆ ಎರಡು, ಭಟ್ಟರು ಒಬ್ಬರೇ. ಗಣಕದ ಸಂಸ್ಕಾರಕದಲ್ಲಿ, ಅಂದರೆ ಪ್ರೊಸೆಸರ್‌ನಲ್ಲಿ, ನಿಜವಾಗಿ ಲೆಕ್ಕ ಮಾಡುವ ಘಟಕವೇ ಕೋರ್. ಮೆಮೊರಿಯಿಂದ ಮಾಹಿತಿ ಬರುವುದನ್ನು ಕಾಯುತ್ತ ಕೂರುವ ಬದಲು ಅದು ಇನ್ನೊಂದು ಕೆಲಸದ ಎಳೆಯನ್ನು ಕೈಗೆತ್ತಿಕೊಳ್ಳಬಲ್ಲದು. ಇಂಟೆಲ್ ಕಂಪನಿ ಈ ಉಪಾಯಕ್ಕೆ ಹೈಪರ್-ಥ್ರೆಡಿಂಗ್ ಎಂದು ಹೆಸರಿಟ್ಟು 2002ರಲ್ಲಿ ಮಾರುಕಟ್ಟೆಗೆ ತಂದಿತು. ವಿಂಡೋಸ್ ಆಗಲಿ ಲಿನಕ್ಸ್ ಆಗಲಿ ಕೆಲಸ ಹಂಚುವಾಗ ನೋಡುವುದು ಒಲೆಗಳನ್ನು. ಆದ್ದರಿಂದ ಇಂಥ ಒಂದು ಕೋರ್ ಅವಕ್ಕೆ ಎರಡು ಪ್ರೊಸೆಸರ್‌ಗಳಂತೆ ಕಾಣುತ್ತದೆ. ಎರಡು ಒಲೆಯಿದ್ದರೂ ಭಟ್ಟರಿಗೆ ಇರುವುದು ಎರಡೇ ಕೈ, ಅಡುಗೆಯೇನೂ ಇಮ್ಮಡಿಯಾಗುವುದಿಲ್ಲ. ಜಾಹೀರಾತುಗಳು ಇದನ್ನು ದೊಡ್ಡ ದನಿಯಲ್ಲಿ ಹೇಳುವುದಿಲ್ಲ.

ಬಹಳ ವರ್ಷ ಒಂದು ಪ್ರೊಸೆಸರ್‌ನ ಕೋರ್‌ಗಳೆಲ್ಲ ಒಂದೇ ಜಾತಿಯವಾಗಿದ್ದವು. ಹಾಗಾಗಿ ಒಲೆಗಳನ್ನು ಎಣಿಸಿ ಎರಡರಿಂದ ಭಾಗಿಸಿದರೆ ಭಟ್ಟರ ಸಂಖ್ಯೆ ಸಿಗುತ್ತಿತ್ತು. ಎಷ್ಟೋ ತಂತ್ರಾಂಶಗಳಲ್ಲಿ ಈ ಭಾಗಾಕಾರ ಬೇರೂರಿಬಿಟ್ಟಿತು. 2021ರ ಕೊನೆಗೆ ಬಂದ ಇಂಟೆಲ್‌ನ ಹನ್ನೆರಡನೆಯ ತಲೆಮಾರಿನ ಪ್ರೊಸೆಸರ್‌ಗಳು ಈ ಲೆಕ್ಕವನ್ನು ಕೆಡಿಸಿದವು. ಅವುಗಳಲ್ಲಿ ಕೆಲವಕ್ಕೆ ಎರಡು ಜಾತಿಯ ಕೋರ್‌ಗಳು: ಭಾರಿ ಕೆಲಸಕ್ಕೆ ದೊಡ್ಡವು, ಕರೆಂಟು ಉಳಿಸಲು ಚಿಕ್ಕವು. ದೊಡ್ಡದಕ್ಕೆ ಎರಡು ಒಲೆ, ಚಿಕ್ಕದಕ್ಕೆ ಒಂದೇ. ನಮ್ಮ ಮನೆಯ ಐ5-13400ರಲ್ಲಿ ದೊಡ್ಡವು ಆರು, ಚಿಕ್ಕವು ನಾಲ್ಕು. ಒಟ್ಟು ಕೋರ್ ಹತ್ತು. ಒಲೆಗಳಾದರೋ ಆರೆರಡಲೆ ಹನ್ನೆರಡು, ಜೊತೆಗೆ ನಾಲ್ಕು, ಹದಿನಾರು. ಹದಿನಾರನ್ನು ಎರಡರಿಂದ ಭಾಗಿಸಿದ ತಂತ್ರಾಂಶಕ್ಕೆ ಎಂಟು ಸಿಕ್ಕಿತು. ಹತ್ತನ್ನು ತಿಳಿದು ಎರಡರಿಂದ ಗುಣಿಸುವ ಮತ್ತೊಂದು ತಂತ್ರಾಂಶವಿದ್ದರೆ ಅದು ಇಪ್ಪತ್ತು ಒಲೆ ಎನ್ನುತ್ತಿತ್ತು!

ಹಳೆಯ ನಂಬಿಕೆಯೊಂದು ಲೆಕ್ಕವಾಗಿ ಕೂತು ಹೊಸ ಯಂತ್ರದ ಮುಂದೆ ಎಡವುವುದು ಇದೇ ಮೊದಲಲ್ಲ. ಅಂಥ ಒಂದು ಹಳೆಯ ಕಥೆಯ ಹೊತ್ತಿಗೆ ಬೆಂಗಳೂರಿನಲ್ಲೇ ವಿನ್ಯಾಸಗೊಂಡ ಪ್ರೊಸೆಸರ್ ಒಂದಿತ್ತು. ಇಂಟೆಲ್‌ನ ಬೆಂಗಳೂರು ಕೇಂದ್ರದ ಇಂಜಿನಿಯರುಗಳು ರೂಪಿಸಿದ ಜಿಯಾನ್ 7400 ಸರಣಿ 2008ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು. ಒಂದೇ ಚಿಪ್ಪಿನಲ್ಲಿ ಸುಮಾರು 190 ಕೋಟಿ ಟ್ರಾನ್ಸಿಸ್ಟರುಗಳು. ಅದರ ವಿಶೇಷ ಆರು ಕೋರ್‌ಗಳು. ಅದಕ್ಕೆ ಮೊದಲು ಒಂದು, ಎರಡು, ನಾಲ್ಕು ಎಂದು ದುಪ್ಪಟ್ಟಾಗುತ್ತ ಬಂದ ಸಂಖ್ಯೆ ಎಂಟಕ್ಕೆ ಜಿಗಿಯದೆ ಆರಕ್ಕೆ ನಿಂತಿತು. ಅದೇ ವರ್ಷ ಎ.ಎಂ.ಡಿ. ಕಂಪನಿಯ ಮೂರು ಕೋರ್‌ಗಳ ಫಿನಾಮ್ ಕೂಡ ಅಂಗಡಿಗೆ ಬಂದಿತ್ತು.

ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್ 2005 ಎಂಬ ದತ್ತಾಂಶ ನಿರ್ವಹಣೆಯ ತಂತ್ರಾಂಶ ಆಗ ಎಲ್ಲೆಲ್ಲೂ ಬಳಕೆಯಲ್ಲಿತ್ತು. ಅದರ ಮೊದಲ ಆವೃತ್ತಿಗಳು ಪ್ರತಿ ಪ್ರೊಸೆಸರ್‌ನ ಪಾಲಿಗೆ ಬರುವ ಸಂಖ್ಯೆ ಎರಡು, ನಾಲ್ಕು, ಎಂಟು ಹೀಗೆ ಎರಡರ ಘಾತವೇ ಆಗಿರುತ್ತದೆಂದು ನಂಬಿದ್ದವು. ಮೂರೋ ಆರೋ ಕಂಡರೆ ಆ ತಂತ್ರಾಂಶ ಅನುಸ್ಥಾಪನೆಯೇ ಆಗುತ್ತಿರಲಿಲ್ಲ. ಮೈಕ್ರೋಸಾಫ್ಟ್ ತಾನೇ ಸೂಚಿಸಿದ ಪರಿಹಾರ ತಮಾಷೆಯಾಗಿದೆ. ಮೊದಲು ಯಂತ್ರದಲ್ಲಿ ಒಂದೇ ಪ್ರೊಸೆಸರ್ ಇದೆಯೆಂದು ಕಾಣುವಂತೆ ಮಾಡಿ, ತಂತ್ರಾಂಶವನ್ನೂ ಅದರ ತಿದ್ದುಪಡಿಯನ್ನೂ ಹಾಕಿ, ಆಮೇಲೆ ಎಲ್ಲವನ್ನೂ ಮೊದಲಿನಂತೆ ತೋರಿಸಬೇಕಿತ್ತು. ಹಠದ ಮಗುವಿಗೆ ಔಷಧಿ ಕುಡಿಸಲು ಬಾಟಲಿಯನ್ನು ಬೆನ್ನ ಹಿಂದೆ ಬಚ್ಚಿಡುವ ಹಾಗೆ.

ಆ ಬಚ್ಚಿಡುವ ಸವಲತ್ತು ಇವತ್ತಿನ ವಿಂಡೋಸ್‌ನಲ್ಲೂ ಇದೆ. 'ಎಂಎಸ್‌ಕಾನ್ಫಿಗ್' ಎಂಬ ಕಿಟಕಿಯ ಬೂಟ್ ವಿಭಾಗದಲ್ಲಿ 'ನಂಬರ್ ಆಫ್ ಪ್ರೊಸೆಸರ್ಸ್' ಎಂಬ ಚೌಕವಿರುತ್ತದೆ. ಅದಕ್ಕೆ ಗುರುತು ಹಾಕಿದರೆ ಗಣಕ ಓಡುತ್ತದೆಂದು ವಿದ್ಯಾರ್ಥಿಗಳ ನಡುವೆ ಬಾಯಿಂದ ಬಾಯಿಗೆ ಹಬ್ಬಿದ ಮಾತುಂಟು. ಅದು ಶುದ್ಧ ಸುಳ್ಳು. ಗುರುತು ಹಾಕದಿದ್ದರೆ ವಿಂಡೋಸ್ ಇದ್ದಷ್ಟನ್ನೂ ಬಳಸುತ್ತದೆ. ಹಾಕಿದರೆ ಬರೆದ ಸಂಖ್ಯೆಗೆ ಕಡಿವಾಣ ಬೀಳುತ್ತದೆ. ತಪ್ಪಿ 1 ಎಂದು ಬರೆದವರ ಯಂತ್ರದಲ್ಲಿ ಮಿಕ್ಕ ಒಲೆಗಳೆಲ್ಲ ಆರಿರುತ್ತವೆ. ಆಗ ಎಣಿಸುವ ತಂತ್ರಾಂಶ ಕಡಿಮೆ ತೋರಿಸಿದರೆ ಅದನ್ನು ಬೈಯಬಾರದು, ಅದು ಕಂಡದ್ದನ್ನೇ ಹೇಳುತ್ತಿದೆ. ಒಲೆಯನ್ನು ಬೇಕೆಂದೇ ಆರಿಸಿದ ಉದಾಹರಣೆಯೂ ಇದೆ. ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗುಟ್ಟು ಸೋರುವ ದೋಷ ಪತ್ತೆಯಾದ ಮೇಲೆ, 2019ರಲ್ಲಿ ಗೂಗಲ್ ತನ್ನ ಕ್ರೋಮ್ ಓಎಸ್‌ನಲ್ಲಿ ಹೈಪರ್-ಥ್ರೆಡಿಂಗ್ ಅನ್ನು ನಿಲ್ಲಿಸಿಬಿಟ್ಟಿತು.

ಇನ್ನೊಂದು ಬಗೆಯ ತಪ್ಪು ದೊಡ್ಡ ಯಂತ್ರಗಳದ್ದು. ಲಿನಕ್ಸ್ ಪ್ರತಿ ಕೋರ್‌ಗೂ ಒಂದು ನಂಬರು ಕೊಡುತ್ತದೆ. ಆದರೆ ಆ ನಂಬರು ಒಂದು ಪ್ರೊಸೆಸರ್‌ನೊಳಗೆ ಮಾತ್ರ ಒಂದೇ ಒಂದು. ಎರಡು ಪ್ರೊಸೆಸರ್ ಇರುವ ಯಂತ್ರದಲ್ಲಿ ಅದೇ ನಂಬರು ಎರಡು ಸಲ ಬರಬಹುದು. ಚಾಮರಾಜಪೇಟೆಯಲ್ಲೂ ಮಲ್ಲೇಶ್ವರದಲ್ಲೂ ಐದನೇ ಮುಖ್ಯರಸ್ತೆ ಇದ್ದಂತೆ. ಬಡಾವಣೆಯ ಹೆಸರು ನೋಡದೆ ರಸ್ತೆಯ ನಂಬರನ್ನಷ್ಟೇ ನೋಡಿ ಕಾಗದ ಹಂಚುವ ಅಂಚೆಯವನಂತೆ ಬರೆದ ತಂತ್ರಾಂಶ ಎರಡನ್ನೂ ಒಂದೇ ಎಂದು ಬಗೆದು ಅರ್ಧದಷ್ಟು ಕೋರ್‌ಗಳನ್ನು ನುಂಗಿಬಿಡುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಗೆ 2015ರಲ್ಲಿ ಬಂದ 'ಸಹಸ್ರ-ಟಿ' ಸೂಪರ್ ಕಂಪ್ಯೂಟರಿನಲ್ಲಿ 1,376 ಘಟಕಗಳಿದ್ದು, ಒಂದೊಂದರಲ್ಲೂ ಹನ್ನೆರಡು ಕೋರ್‌ಗಳ ಎರಡು ಪ್ರೊಸೆಸರ್‌ಗಳಿದ್ದವು. ಒಟ್ಟು 33,024 ಕೋರ್. ಅಂಥ ಕಡೆ ಈ ತಪ್ಪು ನುಸುಳಿದರೆ ಕಣ್ಮರೆಯಾಗುವುದು ಹದಿನಾರು ಸಾವಿರಕ್ಕೂ ಹೆಚ್ಚು.

ಹಾಗೆಂದು ಮಾರುವವರ ಮಾತನ್ನೆಲ್ಲ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ಒಲೆಗಳನ್ನೇ ಭಟ್ಟರೆಂದು ಎಣಿಸಿ 'ಹದಿನಾರು ಕೋರ್' ಎಂದರೆ ಅದು ತಪ್ಪು ಮಾಹಿತಿಯೇ. ಕೋರ್ ಎಂದರೆ ಯಾವುದು ಎಂಬ ಪ್ರಶ್ನೆ ಅಮೆರಿಕದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ಎ.ಎಂ.ಡಿ. 2011ರಲ್ಲಿ 'ಎಂಟು ಕೋರ್' ಎಂದು ಮಾರಿದ ಎಫ್‌ಎಕ್ಸ್ ಪ್ರೊಸೆಸರ್‌ಗಳಲ್ಲಿ ಎರಡೆರಡು ಕೋರ್‌ಗಳಿಗೆ ದಶಮಾಂಶ ಲೆಕ್ಕ ಮಾಡುವ ಭಾಗ ಒಂದೇ ಇತ್ತು. ಇವು ಪೂರ್ತಿ ಎಂಟು ಅಲ್ಲವೆಂದು 2015ರಲ್ಲಿ ಗ್ರಾಹಕರು ದಾವೆ ಹೂಡಿದರು. ಕಂಪನಿ 2019ರಲ್ಲಿ 1 ಕೋಟಿ 21 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು.

ಮತ್ತೆ ರಂಗರಾವ್ ರಸ್ತೆಗೆ. ಅಪ್ಪ ಬಿಲ್ಲು ಹಿಡಿದು ಫೋನಿನ ಹತ್ತಿರ ನಿಂತಿದ್ದಾರೆ. ಮಗ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, 'ಪರ್ಫಾರ್ಮೆನ್ಸ್' ವಿಭಾಗದಲ್ಲಿ ಸಿಪಿಯು ಮೇಲೆ ಒತ್ತುತ್ತಾನೆ. ಕೆಳಗಡೆ ಮೂರು ಸಾಲು: ಸಾಕೆಟ್ 1, ಕೋರ್ 10, ಲಾಜಿಕಲ್ ಪ್ರೊಸೆಸರ್ 16. ಲಿನಕ್ಸ್ ಇರುವವರಿಗೆ 'ಎಲ್‌ಎಸ್‌ಸಿಪಿಯು' ಎಂಬ ಆದೇಶ ಇದೇ ವಿವರ ಕೊಡುತ್ತದೆ. ಬಿಲ್ಲಿನ ಮೇಲಿರುವ ಹೆಸರೂ ಪರದೆಯ ಹೆಸರೂ ಒಂದೇ ಎಂದು ತಾಳೆ ನೋಡಿ, ಇಂಟೆಲ್‌ನ ವಿವರಪಟ್ಟಿಯಲ್ಲೂ ಹತ್ತು ಎಂದೇ ಇರುವುದನ್ನು ಮಗ ತೋರಿಸುತ್ತಾನೆ.

"ಮತ್ತೆ ಎಂಟು ಅಂದಿದ್ದು?"

"ಅದು 2019ರಲ್ಲಿ ಬರೆದದ್ದಪ್ಪಾ. ಆಮೇಲೆ ಯಾರೂ ತಿದ್ದಿಲ್ಲ."

ಅಪ್ಪ ಬಿಲ್ಲನ್ನು ಮಡಿಸಿ ಗ್ಯಾರಂಟಿ ಕಾರ್ಡಿನ ಜೊತೆ ಬೀರುವಿನಲ್ಲಿಟ್ಟರು. ಮಗ ಆ ತಂತ್ರಾಂಶ ಬರೆದವರಿಗೆ ಕಾಗದ ಬರೆಯಲು ಕೂತ: ಪ್ರೊಸೆಸರ್‌ನ ಹೆಸರು, ತೋರಿಸಿದ್ದು ಎಂಟು, ಇರುವುದು ಹತ್ತು, ದೊಡ್ಡವು ಆರು, ಚಿಕ್ಕವು ನಾಲ್ಕು.